ಗಾಜಿನ ಮೇಲಿನ ಮಣ್ಣು

ಉರುಕುಂದಮ್ಮ ಚೊಂಬಿನಿಂದ ಸಣ್ಣಗೆ ನೀರು ಬಿಡುತ್ತ, ಗುರಮ್ಮನ ಬಲಗೈಯನ್ನು ಎತ್ತಿ ಹಿಡಿದು, ಉಗುರಿನ ಸಂದಿಯ ಮಣ್ಣನ್ನು ಸೆರಗಿನ ತುದಿಯಿಂದ ತೆಗೆಯುತ್ತಿದ್ದಳು. ಹಿತ್ತಲಿನಲ್ಲಿ ನಾಲ್ಕು ಜನ ಹೆಂಗಸರು ಹಳೆಯ ಸೀರೆಗಳನ್ನು ಮರೆ ಹಿಡಿದು ನಿಂತಿದ್ದರು. ಸೀರೆಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಮುಂಗಾರಿನ ಮಿರಗದ ಮಳೆಗೆ ಮುಂಚಿನ ಗಾಳಿ ಅದು. ಗಡಿನಾಡಿನ ಮಾಗನೂರು ಸುತ್ತಿನ ಎರೆಹೊಲಗಳ ಮಣ್ಣನ್ನೆಲ್ಲ ಎಬ್ಬಿಸಿಕೊಂಡು ಬಂದು, ಸತ್ತವರು ಇದ್ದವರು ಎಂದು ನೋಡದೆ ಎಲ್ಲರ ಮುಖಕ್ಕೂ ಬಳಿಯುತ್ತಿತ್ತು.

ಮಣ್ಣಿನ ಶಾಸ್ತ್ರಕ್ಕೆ ಅಯ್ಯನವರು ಬಂದು ಕೂತಿದ್ದಾರೆ, ಜಲ್ದಿ ಮುಗಿಸಿರಿ ಎಂದು ಒಳಗಿನಿಂದ ಯಾರೋ ಹೇಳಿದರು. ಉರುಕುಂದಮ್ಮ ಜಲ್ದಿ ಮಾಡಲಿಲ್ಲ. ಮೇಲಿನಿಂದ ಕೆಳಕ್ಕೆ ನೀರು ಇಳಿಯಬೇಕು, ಮಣ್ಣು ನೆನೆಯಬೇಕು, ಆಮೇಲೆ ಕೈ ಮುಟ್ಟಬೇಕು. ಒಣ ಮಣ್ಣಿನ ಮೇಲೆ ಕೈಯಾಡಿಸಿದರೆ ಗೀರು ಬೀಳುತ್ತದೆ. ಈ ಪಾಠ ಹೇಳಿಕೊಟ್ಟವಳು ಗುರಮ್ಮನೇ. ಮನುಷ್ಯರ ಮೈಗಲ್ಲ, ಸೋಲಾರ್ ಪ್ಲೇಟುಗಳಿಗೆ. ಊರಾಚೆಯ ಸೋಲಾರ್ ಪ್ಲಾಂಟಿನಲ್ಲಿ ಇಬ್ಬರೂ ಜೋಡಿಯಾಗಿ ಪ್ಲೇಟು ತೊಳೆಯುವ ಕೆಲಸ ಮಾಡುತ್ತಿದ್ದರು. ಗುರಮ್ಮ ಪೈಪು ಹಿಡಿದು ಮುಂದೆ ಹೋದರೆ, ಉರುಕುಂದಮ್ಮ ಉದ್ದ ಕೋಲಿನ ಬುರುಸು ಹಿಡಿದು ಹಿಂದೆ. ನಿನ್ನೆ ಮಧ್ಯಾಹ್ನ ರೊಟ್ಟಿ ತಿಂದು ಒರಗಿದ ಗುರಮ್ಮ ಸಂಜೆಯ ಕೆಲಸಕ್ಕೆ ಏಳಲೇ ಇಲ್ಲ. ಕರೆಯಲು ಬಂದ ಉರುಕುಂದಮ್ಮನೇ ಮೊದಲು ಕಂಡದ್ದು. ಮೈ ಇನ್ನೂ ಬೆಚ್ಚಗಿತ್ತು. ಬೇಸಿಗೆಯಲ್ಲಿ ತಗಡಿನ ಮನೆಯೊಳಗೆ ಸತ್ತವರ ಮೈಯೂ ಬೆಚ್ಚಗೇ ಇರುತ್ತದೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮರೆಯಾಚೆ ಕೊಟ್ರೇಶನ ದನಿ ಕೇಳಿತು. ಗುರಮ್ಮನ ಒಬ್ಬನೇ ಮಗ ಅವನು. ಮಕ್ತಲ್‌ನಲ್ಲಿ ಕೆಟ್ಟ ಪಂಪುಸೆಟ್ಟುಗಳ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ರಾತ್ರಿಯೆಲ್ಲ ಫೋನು ಕಿವಿಗಿಟ್ಟುಕೊಂಡು ಅವನ ದನಿ ಬಿದ್ದುಹೋಗಿತ್ತು.

"ಚಿಗವ್ವಾ, ಪ್ಲಾಂಟಿನ ಶಿವಕಾಂತ ಫೋನ್ ಎತ್ತಿದ. ಹೈದರಾಬಾದಿನ ಆಫೀಸಿಗೆ ಕೇಳ್ಯಾನಂತ. ಇನ್ನಾ ಏನೂ ಹೇಳಿಲ್ಲಂತ."

"ಮತ್ತ ಕುಣಿ?"

"ಎಲ್ಲಿ ತೋಡಬೇಕು ಅಂತ ಆಳುಗಳು ಸಲಿಕಿ ಹಿಡ್ಕಂಡು ಕುಂತಾರ."

ಉರುಕುಂದಮ್ಮನ ಕೈಯ ಚೊಂಬು ಹಾಗೇ ನಿಂತಿತು. ಗುರಮ್ಮನಿಗೆ ಬೇಕಾಗಿದ್ದದ್ದು ಒಂದೇ ಒಂದು ಜಾಗ. ಗಂಡ ಅಯ್ಯಣ್ಣನ ಸಮಾಧಿಯ ಮಗ್ಗುಲಲ್ಲಿ ಒಂದು ಕುಣಿಯಷ್ಟು ನೆಲ. ಲಿಂಗಧಾರಿಗಳ ಮನೆತನ, ಸುಡುವುದಿಲ್ಲ, ಕೂಡಿಸಿ ಮಣ್ಣು ಕೊಡುತ್ತಾರೆ. ಗಂಡ ಹೆಂಡತಿಯನ್ನು ಸ್ವಂತ ಹೊಲದಲ್ಲಿ ಮಗ್ಗುಲು ಮಗ್ಗುಲಿಗೆ ಕೂಡಿಸುವುದು ಅವರ ಪದ್ಧತಿ. ತೊಡಕು ಇಷ್ಟೇ: ಅಯ್ಯಣ್ಣ ಕೂತ ಹೊಲ ಈಗ ಸೋಲಾರ್ ಕಂಪನಿಯ ತಂತಿಬೇಲಿಯ ಒಳಗಿತ್ತು.

"ಕೊಡ್ತಾರ ತಗಾ," ಎಂದಳು ಉರುಕುಂದಮ್ಮ, ಸತ್ತವಳಿಗೆ ಹೇಳಿದಳೋ ಮಗನಿಗೆ ಹೇಳಿದಳೋ ಅವಳಿಗೇ ಗೊತ್ತಿರಲಿಲ್ಲ. ಮತ್ತೆ ನೀರು ಬಿಟ್ಟಳು.

*

ಅದು ಖುಷ್ಕಿ ಹೊಲ. ಮಳೆ ಬಂದರೆ ಜೋಳ, ತೊಗರಿ, ಬಾರದಿದ್ದರೆ ಬಿರುಕು. ಅಯ್ಯಣ್ಣ ಬದುಕಿರುವ ತನಕ ಅದರ ಜೊತೆ ಗುದ್ದಾಡಿ, ಒಂದು ದೀಪಾವಳಿಯ ಹಿಂದುಮುಂದು ಜ್ವರದಲ್ಲಿ ತೀರಿಕೊಂಡ. ಹೊಲದ ಮೂಲೆಯ ಬೇವಿನ ಮರದ ಕೆಳಗೆ ಅವನನ್ನು ಕೂಡಿಸಿದರು. ಅದಾದ ಮೇಲೆ ಕಂಪನಿಯವರು ಬಂದರು. ಆ ಶಿವಾರದ ಹೊಲಗಳನ್ನೆಲ್ಲ ಒಂದು ತಲೆಮಾರಿನ ಮಟ್ಟಿಗೆ ಲೀಜಿಗೆ ಕೇಳಿದರು. ಮಗ ಮೋಟಾರು ಸುತ್ತುವವನು, ನೇಗಿಲು ಹಿಡಿಯುವವನಲ್ಲ. ಗುರಮ್ಮ ಆಗಲಿ ಅಂದಳು.

ಗುಡಿಯ ಕಟ್ಟೆಯ ಮೇಲೆ ದಸ್ಕತ್ತು ನಡೆಯಿತು. ಕಂಪನಿಯ ತೆಲುಗಿನ ಸಾಹೇಬರು ಒಳ್ಳೆಯ ಮನುಷ್ಯ. ಬೇವಿನ ಮರ ಕಡಿಯಬೇಕಾಗುತ್ತದೆ, ನೆರಳು ಬಿದ್ದರೆ ಪ್ಲೇಟು ಕೆಲಸ ಮಾಡುವುದಿಲ್ಲ, ಆದರೆ ಸಮಾಧಿಯನ್ನು ಮುಟ್ಟುವುದಿಲ್ಲ ಎಂದರು. ಕಾಗದದಲ್ಲಿ ಹಾಗೇ ಬರೆಸಿದರು. ಬರೆಸಿ, ಕನ್ನಡಕದ ಮೇಲಿನಿಂದ ಗುರಮ್ಮನನ್ನು ನೋಡಿ, "ಇಂಕಾ ಏಮೈನಾ ಉಂದಾ ಅಮ್ಮಾ?" ಎಂದು ಕೇಳಿದರು. ಇನ್ನೇನಾದರೂ ಹೇಳುವುದಿದೆಯೇ ಎಂದು.

ಇತ್ತು. ಗುರಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಾಯಿ ತೆರೆದಳು.

"ಅವರ ಮಗ್ಗಲಕ ನನಗೂ ಒಂದು..."

"ಬಿಡ್ತು ಅನ್ನವ್ವಾ!" ಎಂದ ಅಯ್ಯಣ್ಣನ ಅಣ್ಣ ಶಂಕರಯ್ಯ. "ದಸ್ಕತ್ ಮಾಡೋ ಹೊತ್ತಿನಾಗ ತನ್ನ ಸಾವಿನ ಮಾತು ತಾನ ಆಡತಾರೇನು? ಗುಡಿ ಮುಂದ ಕುಂತೀವಿ."

ಕಟ್ಟೆಯ ಮೇಲಿನ ಗಂಡಸರೆಲ್ಲ ಲೊಚಗುಟ್ಟಿದರು. ಕೆಳಗೆ ನಿಂತ ಹೆಂಗಸರು ಗುರಮ್ಮನ ಬೆನ್ನು ಮುಟ್ಟಿ ಸುಮ್ಮನಿರು ಎಂದರು. ನಮ್ಮ ಕಡೆಯ ಜನ ಬಾರದ ಮಳೆಗೆ ಬೀಜ ತೆಗೆದಿಡುತ್ತಾರೆ, ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಮಗಳ ಮದುವೆಗೆ ಪಾತ್ರೆ ಕೂಡಿಡುತ್ತಾರೆ. ತಪ್ಪದೆ ಬರುವ ಒಂದೇ ಒಂದು ದಿನಕ್ಕೆ ಮಾತ್ರ ಏನೂ ಎತ್ತಿಡಬಾರದು, ಹೆಸರೂ ಎತ್ತಬಾರದು. ಗುರಮ್ಮ "ಬಿಡ್ತು" ಅಂದಳು. ಬಾಯಿಗೆ ಬಂದ ಮಾತನ್ನು ನುಂಗಿದಳು. ಕಾಗದದಲ್ಲಿ ಒಂದೇ ಸಮಾಧಿ ಉಳಿಯಿತು.

*

ಗುರಮ್ಮನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಸೊಸೆ ವಿಜಯಶ್ರೀ ತನ್ನ ಪೆಟ್ಟಿಗೆಯಿಂದ ಮಡಿಕೆ ಬಿಚ್ಚದ ನಾರಾಯಣಪೇಟೆ ಸೀರೆ ತೆಗೆದು ಉಡಿಸಿದ್ದಳು. ಹಣೆಯ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ. ಭಜನೆಯವರು ತಾಳ ಹಾಕುತ್ತಿದ್ದರು. ಗದ್ವಾಲದ ಬೀಗರು ಮೊದಲ ಬಸ್ಸಿಗೇ ಬಂದು ಮಣ್ಣು ಎಷ್ಟು ಹೊತ್ತಿಗೆ ಎಂದು ಮೂರು ಸಲ ಕೇಳಿದ್ದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಉರುಕುಂದಮ್ಮ ಬಾಗಿಲ ಬಳಿ ಕೂತು, ಬೀಸಣಿಕೆಯಿಂದ ಗುರಮ್ಮನ ಮುಖದ ನೊಣ ಓಡಿಸುತ್ತಿದ್ದಳು. ಕಣ್ಣು ಮಾತ್ರ ಬೀದಿಯ ಕಡೆ.

ಬಿಸಿಲು ನೆತ್ತಿಗೆ ಬಂದಾಗ ಶಿವಕಾಂತನ ಮೋಟಾರ್‌ಸೈಕಲ್ಲು ಬಂತು. ಪ್ಲಾಂಟಿನ ಸೂಪರ್‌ವೈಸರ್ ಅವನು. ಮಕ್ತಲ್ ಹುಡುಗ, ಪ್ಲೇಟು ತೊಳೆಯುವ ಹೆಂಗಸರಿಗೆಲ್ಲ ಅವನೇ ಮೇಲಿನವ. ಒಳಗೆ ಬಂದವನು ಮೊದಲು ಗುರಮ್ಮನ ಪಾದ ಮುಟ್ಟಿದ. ತಲೆ ಎತ್ತುವುದಕ್ಕೆ ಅವನು ತೆಗೆದುಕೊಂಡ ಹೊತ್ತು ನೋಡಿಯೇ ಉರುಕುಂದಮ್ಮನಿಗೆ ಗೊತ್ತಾಯಿತು. ಬೀಸಣಿಕೆ ಕೆಳಗಿಟ್ಟಳು.

ಇಲ್ಲಿನ ಇಂಜಿನಿಯರು ಒಪ್ಪಿದ್ದರು ಎಂದ ಶಿವಕಾಂತ. ಅವರೇ ಮೇಲಕ್ಕೆ ಬರೆದಿದ್ದರು, ಎರಡು ಸಲ ಫೋನೂ ಮಾಡಿದ್ದರು. ಹೈದರಾಬಾದಿನಿಂದ ಆಗುವುದಿಲ್ಲ ಎಂದೇ ಬಂತು. ಸಾಲಿನ ಕೊನೆಗೆ ನೆಲದೊಳಗೆ ಕೇಬಲ್ಲು ಹೋಗಿವೆ, ಅದರಲ್ಲಿ ಕರೆಂಟು ಇದೆ, ಅಲ್ಲಿ ಆಳುದ್ದ ತೋಡುವ ಹಾಗಿಲ್ಲ. ಅಷ್ಟು ಜನರನ್ನು ಒಳಗೆ ಬಿಡುವ ಹಾಗೂ ಇಲ್ಲ. ಕಾಗದದಲ್ಲಿ ಒಂದು ಸಮಾಧಿಯ ಮಾತಿದೆಯೇ ಹೊರತು ಎರಡನೆಯದರದು ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎನ್ನುತ್ತಾರೆ; ಇಲ್ಲಿ ಪೂಜಾರಿ ಒಪ್ಪಿದ್ದ, ದೇವರೇ ಒಪ್ಪಲಿಲ್ಲ.

ಶಂಕರಯ್ಯ ಎದ್ದು ನಿಂತ. ಈಗ ಅವನು ಕೋಲೂರಿ ನಡೆಯುವ ಮುದುಕ, ಆದರೂ ಗಂಟಲು ಗಟ್ಟಿಯಿತ್ತು. ಅದು ನಮ್ಮ ಹೊಲ, ಇವಳು ನಮ್ಮ ಮನೆತನದ ಸೊಸೆ. ಹೆಣವನ್ನು ಗೇಟಿನ ಮುಂದೆ ಇಟ್ಟು ಕೂಡುತ್ತೇವೆ, ಅವರು ತೆರೆಯುವ ತನಕ ಏಳುವುದಿಲ್ಲ ಎಂದು ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ಕೂಗಿದ. ನಾಲ್ಕಾರು ಹುಡುಗರು ಹೌದೆಂದರು. ಅಂದು ಗುಡಿಯ ಕಟ್ಟೆಯ ಮೇಲೆ ಇದೇ ಗಂಟಲು ಸುಮ್ಮನಿದ್ದಿದ್ದರೆ ಇವತ್ತು ಇದರ ಅಗತ್ಯವೇ ಇರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು. ಉರುಕುಂದಮ್ಮನಿಗೆ ಆ ಮಾತು ನಾಲಿಗೆಯ ತುದಿಗೆ ಬಂತು. ಮುದುಕ ಗುರಮ್ಮನ ಮುಖದ ಕಡೆ ತಿರುಗಿಯೂ ನೋಡದಿದ್ದುದನ್ನು ಕಂಡು ಅದನ್ನು ಅಲ್ಲೇ ತಡೆದಳು. ಅವನಿಗೂ ನೆನಪಿದೆ; ಅದಕ್ಕೇ ಇಷ್ಟು ಕೂಗುತ್ತಿದ್ದಾನೆ.

ಅವಳು ಶಿವಕಾಂತನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಅಕ್ಕ ನಿನಗ ಕೇಳಿದ್ಲಲ್ಲಪಾ? ನನ್ನ ಎದುರಿಗೇ ಕೇಳಿದ್ಲು."

"ಕೇಳಿದ್ಲಕ್ಕಾ." ಶಿವಕಾಂತ ನೆಲ ನೋಡಿದ. "ನೋಡೂಣು ಅಂದಿದ್ದೆ. ಇಷ್ಟ್ ಲಗೂ ಅಂತ ಯಾರಿಗ್ ಗೊತ್ತಿತ್ತು."

ಕೊಟ್ರೇಶ ಇಷ್ಟು ಹೊತ್ತು ಅವ್ವನ ಮುಖವನ್ನೇ ನೋಡುತ್ತ ನಿಂತಿದ್ದ. ಬಿಸಿಲ ಝಳಕ್ಕೆ ಆ ಮುಖ ಬೆಳಗಿನಂತಿರಲಿಲ್ಲ. ತುಟಿಯ ಬಳಿ ಬಣ್ಣ ಬದಲಾಗುತ್ತಿತ್ತು. ನೊಣಗಳು ಬೀಸಣಿಕೆಗೆ ಜಗ್ಗುತ್ತಿರಲಿಲ್ಲ.

"ದೊಡ್ಡಪ್ಪಾ, ಅವ್ವನ್ನ ಬಿಸಿಲಾಗ ಗೇಟಿನ ಮುಂದ ಕೂಡಸಾಕ ನನಗ ಆಗಂಗಿಲ್ಲ," ಎಂದ. "ಬೇಲಿ ಹೊರಗ ನಮ್ಮದು ಒಂದೀಟು ಬದು ಉಳದೈತಿ. ಅಲ್ಲೇ ತೋಡ್ರಿ."

ಶಂಕರಯ್ಯ ಕೋಲನ್ನು ಗೋಡೆಗೆ ಒರಗಿಸಿ ಕೂತ. ಭಜನೆಯವರು ನಿಲ್ಲಿಸಿದ್ದ ತಾಳವನ್ನು ಮತ್ತೆ ಹಿಡಿದರು.

*

ಪ್ಲಾಂಟು ಶುರುವಾದಾಗ ತೊಳೆಯುವ ಕೆಲಸಕ್ಕೆ ಊರಿನ ಹೆಂಗಸರನ್ನು ಕೇಳಿದರು. ಗುರಮ್ಮ ಎಲ್ಲರಿಗಿಂತ ಮೊದಲು ಹೋಗಿ ನಿಂತಳು. ಲೀಜಿನ ಹಣ ಬರುವ ಮನೆಯವಳಿಗೆ ಇದೇನು ಬುದ್ಧಿ ಎಂದು ಊರು ಆಡಿಕೊಂಡಿತು. ಅವಳು ಕಾರಣ ಹೇಳಿದ್ದು ಉರುಕುಂದಮ್ಮನೊಬ್ಬಳಿಗೇ.

"ಹೊರಗಿನಾಕಿಗೆ ಗೇಟು ತೆರೀತಾರೋ ಇಲ್ಲೋ. ಒಳಗ ದುಡಿಯಾಕಿ ಆದ್ರ ತೆರೀದ ಇರತಾರೇನು? ನಾನು ಸತ್ತ ದಿನ, ಇಕಿ ನಮ್ಮಾಕಿ ಅಂತ ಒಳಗ ಬಿಡತಾರ."

ಇಷ್ಟಕ್ಕೇ ಅವಳು ಇಷ್ಟು ವರ್ಷ ದುಡಿದಳು. ಬೆಳಕು ಹರಿಯುವ ಮುಂಚೆ ಒಮ್ಮೆ, ಹೊತ್ತು ಮುಳುಗುವಾಗ ಒಮ್ಮೆ. ಗಾಜು ಕಾದಿದ್ದಾಗ ತಣ್ಣೀರು ಬಿದ್ದರೆ ಸೀಳುತ್ತದೆ, ಅದಕ್ಕೇ ನಡುಹಗಲಲ್ಲಿ ತೊಳೆಯುವಂತಿಲ್ಲ. ಬೋರಿನ ನೀರು ಉಪ್ಪು, ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಶುದ್ಧ ಮಾಡಿದ ನೀರನ್ನು ಟ್ಯಾಂಕರಿನಲ್ಲಿ ತರುತ್ತಿದ್ದರು. ಗುರಮ್ಮ ಆ ನೀರನ್ನು ತುಪ್ಪದ ಹಾಗೆ ಬಳಸುತ್ತಿದ್ದಳು. ಪ್ಲೇಟಿನ ಕೆಳಗಿನ ಹುಲ್ಲನ್ನು ಬೇರು ಸಮೇತ ಕೆತ್ತಬೇಡಿರಿ, ನೆಲ ಬತ್ತಲೆಯಾದರೆ ಧೂಳು ಏಳುತ್ತದೆ ಎಂದು ಜೊತೆಯವರನ್ನು ಗದರುತ್ತಿದ್ದಳು. ಬೇಲಿಯಾಚೆಯ ಬಂಡಿದಾರಿಯಲ್ಲಿ ಟ್ರ್ಯಾಕ್ಟರು ಜೋರಾಗಿ ಹೋದರೆ ಪೈಪು ಎತ್ತಿ ಹಿಡಿದು ಬೈಯುತ್ತಿದ್ದಳು. ಟ್ರ್ಯಾಕ್ಟರಿನವರು ಅವಳನ್ನು ಕಂಡರೆ ನಿಧಾನ ಮಾಡುತ್ತಿದ್ದರು. ಅದು ಧೂಳಿನ ಮೇಲಿನ ಸಿಟ್ಟೋ, ಆ ಧೂಳು ಅಯ್ಯಣ್ಣನ ಮೇಲೂ ಬೀಳುತ್ತದೆ ಎಂಬ ಸಂಕಟವೋ, ಅವರಿಗೇನು ಗೊತ್ತು.

ಏಕೆಂದರೆ ಅಯ್ಯಣ್ಣ ಕೂತಿದ್ದದ್ದು ಬೇಲಿಗೆ ಹತ್ತಿದ ಸಾಲಿನ ಕೊನೆಗೆ, ಪ್ಲೇಟಿನ ಕೆಳಗಿನ ಅಂಚಿನ ನೇರಕ್ಕೆ. ದಿನವೂ ಆ ಸಾಲನ್ನು ಗುರಮ್ಮ ಕಟ್ಟಕಡೆಗೆ ಇಟ್ಟುಕೊಳ್ಳುತ್ತಿದ್ದಳು. ಟ್ಯಾಂಕರಿನಲ್ಲಿ ಉಳಿದ ನೀರೆಲ್ಲ ಆ ಕೊನೆಯ ಪ್ಲೇಟುಗಳಿಗೆ. ಗಾಜಿನ ಮೇಲೆ ಹರಿದ ನೀರು ಅಂಚಿನಿಂದ ತೊಟ್ಟಿಕ್ಕಿ ಸಮಾಧಿಯ ಮೇಲೆ ಬೀಳುತ್ತಿತ್ತು. ಬೇವು ಹೋದ ಜಾಗದಲ್ಲಿ ಆ ನೀರಿಗೆ ಒಂದು ತುಂಬೆ ಗಿಡ ಎದ್ದಿತ್ತು. ಸುಡುಬೇಸಿಗೆಯಲ್ಲೂ ಅದು ಬಿಳಿಯ ಸಣ್ಣ ಹೂ ಬಿಡುತ್ತಿತ್ತು. ಗುರಮ್ಮ ಹೂ ಕೀಳುತ್ತಿರಲಿಲ್ಲ. ಶಿವನಿಗೆ ಏರಿಸಬೇಕಾದದ್ದು ಶಿವನ ಪಾದದಲ್ಲೇ ಇದೆ ಎನ್ನುತ್ತಿದ್ದಳು.

ಒಂದು ಮಾನವಮಿಗೆ ದೊಡ್ಡ ಎಡವಟ್ಟು ಮಾಡಿದ್ದಳು. ಆಯುಧಪೂಜೆಯ ದಿನ ಬೆಳಗಿನ ಜಾವವೇ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ, ಪ್ಲೇಟುಗಳನ್ನು ಕನ್ನಡಿಯ ಹಾಗೆ ತೊಳೆದು, ಕೈಗೆಟುಕಿದ ಪ್ರತಿಯೊಂದಕ್ಕೂ ಮೂರೆಳೆ ವಿಭೂತಿ ಬಳಿದು ನಡುವೆ ಕುಂಕುಮ ಇಟ್ಟಿದ್ದಳು. ರಂಟೆಗೆ, ಕುಡಗೋಲಿಗೆ, ಹೊಲಿಗೆ ಯಂತ್ರಕ್ಕೆ ಇಡುವುದಿಲ್ಲವೇ, ಹಾಗೇ. ಸೂರ್ಯ ಮೇಲೇರಿದಂತೆ ಕರೆಂಟು ಏರಲಿಲ್ಲ. ಶಿವಕಾಂತ ಓಡೋಡಿ ಬಂದು ನೋಡಿದರೆ, ಕಣ್ಣು ಹರಿಯುವ ತನಕ ಪ್ಲೇಟುಗಳು ಶರಣರ ಹಾಗೆ ಹಣೆ ತುಂಬ ಭಸ್ಮ ಹಚ್ಚಿಕೊಂಡು ಬಿಸಿಲಿಗೆ ಮುಖ ಮಾಡಿ ಮಲಗಿದ್ದವು.

"ಅಕ್ಕಾ, ಧೂಳು ತಗೀರಿ ಅಂತ ಇಟ್ಟರ ನೀವ ಬೂದಿ ಬಳಿಯೋದಾ?" ಎಂದು ಅವನು ತಲೆ ಮೇಲೆ ಕೈ ಹೊತ್ತ.

"ಅನ್ನ ಕೊಡೋದು ಅದು. ಹಬ್ಬದ ದಿನ ಅದರ ಹಣಿ ಖಾಲಿ ಬಿಡಾಕ ಬರತೈತೇನು?" ಎಂದಳು ಗುರಮ್ಮ.

ಬಿಸಿಲಿಗೆ ಬೆಂದ ಕುಂಕುಮ ಬಿಡಿಸಲು ಎರಡು ಸಂಜೆ ಹಿಡಿಯಿತು. ಆ ಮೇಲಿನ ವರ್ಷಗಳಲ್ಲಿ ಪ್ಲೇಟಿನ ಕೆಳಗಿನ ಕಬ್ಬಿಣದ ಕಂಬಕ್ಕೆ ಮಾತ್ರ ಪೂಜೆ ಎಂದಾಯಿತು. ಬೇಲಿಯ ಸಾಲಿನ ಕೊನೆಯ ಕಂಬಕ್ಕೆ ಗುರಮ್ಮ ಹಬ್ಬವಿಲ್ಲದಿದ್ದರೂ ವಿಭೂತಿ ಹಚ್ಚುತ್ತಿದ್ದಳು.

ಈ ಬೇಸಿಗೆಯಲ್ಲಿ ಮಾತ್ರ ಅವಳು ಸೊರಗಿದ್ದಳು. ನೀರಿಲ್ಲದೆ ಧೂಳು ಹೊಡೆಯುವ ಯಂತ್ರ ಬಂದಿತ್ತು. ಸಾಲಿನ ಮೇಲೆ ತಾನೇ ಹರಿದಾಡುತ್ತ ಒಣ ಬುರುಸು ತಿರುಗಿಸುವ ಯಂತ್ರ. ಅರ್ಧ ಪ್ಲಾಂಟಿಗೆ ಆಗಲೇ ಕೂಡಿಸಿದ್ದರು. ಮಳೆಗಾಲ ಕಳೆದ ಮೇಲೆ ಈ ಕಡೆಗೂ ಎಂದು ಶಿವಕಾಂತ ಹೇಳಿದ್ದ. ಕೆಲಸ ಹೋಗುತ್ತದೆಂದು ಹೆಂಗಸರೆಲ್ಲ ಕಂಗಾಲಾದರು. ಗುರಮ್ಮನ ಚಿಂತೆ ಬೇರೆ.

"ನೀರ ಇಲ್ಲಾಂದ್ರ ಅವರಿಗೆ ಯಾರು ನೀರ್ ಹಾಕತಾರ ಉರುಕುಂದೀ? ನನಗ ಗೇಟಿನ ಒಳಗ ಬಿಡೋರು ಯಾರು?" ಎಂದಿದ್ದಳು. ಅವತ್ತೇ ಶಿವಕಾಂತನನ್ನು ನಿಲ್ಲಿಸಿ, ನುಂಗಿದ್ದ ಮಾತನ್ನು ಕಡೆಗೂ ಬಾಯಿಬಿಟ್ಟು ಕೇಳಿದ್ದಳು. ಅವನು ನೋಡೂಣು ಎಂದಿದ್ದ.

*

ಹೆಣ ಹೊರುವ ವಿಮಾನ ಗೇಟಿನ ಮುಂದೆ ಬಂದಾಗ ಹೊತ್ತವರು ತಾವಾಗಿಯೇ ನಿಂತರು. ಬಾಳೆಕಂದು, ಚೆಂಡುಹೂ ಕಟ್ಟಿದ ವಿಮಾನದಲ್ಲಿ ಗುರಮ್ಮ ಕೂತಿದ್ದಳು. ಎಷ್ಟೋ ವರ್ಷ ನಡೆದು ಒಳಗೆ ಹೋದ ಗೇಟು ಎದುರಿಗಿತ್ತು. ಕಾವಲುಗಾರ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಬೀಗ ತೆಗೆಯುವುದು ಅವನ ಕೈಯಲ್ಲಿರಲಿಲ್ಲ. ಉರುಕುಂದಮ್ಮನಿಗೆ ಯಾಕೋ ಇನ್ನೂ ಆಸೆ. ಯಾರಾದರೂ ಓಡಿಬಂದು ತೆರೆದಾರು ಎಂದು ಕಾದಳು. ಯಾರೂ ಬರಲಿಲ್ಲ. ತಾಳದವರು ಮುಂದೆ ಹೆಜ್ಜೆ ಇಟ್ಟರು. ವಿಮಾನ ಬೇಲಿಯ ಗುಂಟ ಬಂಡಿದಾರಿ ಹಿಡಿಯಿತು.

ಕುಣಿ ಬೇಲಿಯ ಪಡುವಲಕ್ಕೆ, ಬದುವಿನ ಮೇಲೆ. ತಂತಿಯ ಆಚೆ ಅಯ್ಯಣ್ಣನ ಸಮಾಧಿ, ತುಂಬೆ ಗಿಡ, ಎಲ್ಲ ಕಾಣುತ್ತಿದ್ದವು. ಮೆಲ್ಲಗೆ ಕರೆದರೂ ಕೇಳುವಷ್ಟು ಹತ್ತಿರ. ಹತ್ತಿರವಿದ್ದದ್ದೇ ಹೆಚ್ಚು ಸಂಕಟವಾಯಿತು. ದೂರದಲ್ಲಿ ಎಲ್ಲಾದರೂ ಆಗಿದ್ದರೆ ಮಣ್ಣು ಕೊಟ್ಟು ಮನೆಗೆ ಹೋಗಬಹುದಿತ್ತು.

ಒಳಗಿಳಿಸುವ ಮುಂಚೆ ಉರುಕುಂದಮ್ಮ ಧೈರ್ಯ ಮಾಡಿ ಅಯ್ಯನವರ ಹತ್ತಿರ ಹೋದಳು. ಮುಖವನ್ನು ಮೂಡಲಕ್ಕೆ ಮಾಡಿ ಕೂಡಿಸಿದರೆ ಬೇಲಿಯ ಕಡೆ ನೋಡಿದ ಹಾಗಾದರೂ ಆಗುತ್ತದೆ ಎಂದಳು. ಅಯ್ಯನವರು ಶಂಕರಯ್ಯನ ಮುಖ ನೋಡಿದರು. ಆ ಮನೆತನದಲ್ಲಿ ಎಲ್ಲರನ್ನೂ ಬಡಗಲಿಗೆ ಮುಖ ಮಾಡಿಯೇ ಕೂಡಿಸಿದ್ದು, ಅಯ್ಯಣ್ಣನನ್ನೂ ಹಾಗೇ. ಶಂಕರಯ್ಯ ಏನೋ ಹೇಳಲು ಹೋಗಿ ತಲೆ ಅಲ್ಲಾಡಿಸಿದ. ಗುರಮ್ಮ ಬಡಗಲಿಗೆ ಮುಖ ಮಾಡಿ ಕೂತಳು. ಅಯ್ಯನವರು ಪದ್ಧತಿಯಂತೆ ಅವಳ ನೆತ್ತಿಯ ಮೇಲೆ ಪಾದವಿಟ್ಟರು. ಬುಟ್ಟಿಗಟ್ಟಲೆ ಪತ್ರಿ, ವಿಭೂತಿ ಕುಣಿಯೊಳಗೆ ಸುರಿದರು. ಆಗಲೇ ಆ ದಿನದ ದೊಡ್ಡ ಗಾಳಿ ಎದ್ದಿತು.

ಸುರಿದ ವಿಭೂತಿಯ ಪುಡಿ ಹೊಗೆಯಾಗಿ ಮೇಲೆದ್ದಿತು. ತೋಡಿ ಹಾಕಿದ ಒಣಗಿದ ಎರೆಮಣ್ಣು ಅದರ ಜೊತೆ ಎದ್ದಿತು. ಜನ ಕಣ್ಣಿಗೆ ಟವೆಲ್ಲು, ಸೆರಗು ಅಡ್ಡ ಹಿಡಿದರು. ಕೊಟ್ರೇಶ ಮೊದಲ ಹಿಡಿ ಮಣ್ಣು ಕೊಟ್ಟ. ಆಮೇಲೆ ಶಂಕರಯ್ಯ, ಆಮೇಲೆ ಬಳಗ, ಊರು. ಉರುಕುಂದಮ್ಮನ ಸರದಿ ಬಂತು. ಎರಡು ಹಿಡಿ ಹೇಗೋ ಕೊಟ್ಟಳು. ಮೂರನೆಯದಕ್ಕೆ ಕೈ ಮುಂದಾಗಲಿಲ್ಲ. ಜೀವಮಾನವೆಲ್ಲ ಮಣ್ಣು ಒರೆಸಿದವಳ ಮೇಲೆ ತನ್ನ ಕೈಯಾರೆ ಮಣ್ಣು ಹಾಕಬೇಕಲ್ಲ. ಬೆರಳು ಸಡಿಲಾಯಿತು. ಕೈಯಲ್ಲಿದ್ದ ಮಣ್ಣನ್ನು ಗಾಳಿಯೇ ಎತ್ತಿಕೊಂಡು ಹೋಯಿತು. ಹಿಂದೆ ನಿಂತವರು ಆಯಿತು ಬಾ ಎಂದು ಅವಳ ರಟ್ಟೆ ಹಿಡಿದು ಸರಿಸಿದರು.

*

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಹಾಗೇ ಬಿಟ್ಟುಕೊಂಡು ಉರುಕುಂದಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಅಳು ಬಂದಿರಲಿಲ್ಲ. ಬೆಳಗಿನಿಂದ ಎಲ್ಲರೂ ಅತ್ತಿದ್ದರು, ಅವಳೊಬ್ಬಳಿಗೆ ಬಂದಿರಲಿಲ್ಲ. ಮಾತು ಕೊಟ್ಟು ತಪ್ಪಿದವಳ ಹಾಗೆ ಅವಳಿಗೆ ಅನ್ನಿಸುತ್ತಿತ್ತು. ಕೊಡ್ತಾರ ತಗಾ ಎಂದು ಬೆಳಿಗ್ಗೆ ಹೇಳಿದ್ದಳಲ್ಲ.

ಹೊತ್ತು ಇಳಿಯುವಾಗ ಶಿವಕಾಂತನ ಫೋನು ಬಂತು. ಬಹಳ ಹೊತ್ತು ಅಕ್ಕಾ, ಅಕ್ಕಾ ಎಂದೇ ತಡವರಿಸಿದ. ನಾಳೆ ಬೆಳಿಗ್ಗೆ ಆ ಯಂತ್ರದ ಸಲುವಾಗಿ ಹೈದರಾಬಾದಿನವರು ಬರುತ್ತಾರಂತೆ. ಒಂದು ಸಾಲು ತೊಳೆಯದೆ ಗತಿಯಿಲ್ಲ, ಯಾರನ್ನಾದರೂ ಕಳಿಸಲಿಕ್ಕಾಗುತ್ತದೆಯೇ ಎಂದು ಕೇಳಿದ.

"ಅಕ್ಕನ ಮಣ್ಣು ಇನ್ನಾ ಹಸಿ ಐತಿ. ನಿನಗ ಹೆಂಗ ಬಾಯಿ ಬಂತಪಾ?"

"ನನಗೂ ಕೇಳಾಕ ಮನಸಿಲ್ಲಕ್ಕಾ. ಬೇಲಿ ಬಾಜೂಕಿನ ಸಾಲು ಅದು. ಕುಣಿ ತೋಡಿದ ಮಣ್ಣೆಲ್ಲ ಗಾಳಿಗೆ ಬಂದು ಆ ಕೊನೀ ಪ್ಲೇಟಿನ ಮ್ಯಾಲೆ ಕುಂತೈತಿ."

ಉರುಕುಂದಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಬೀದಿಯಲ್ಲಿ ಗದ್ವಾಲದ ಬೀಗರು ಬಸ್ಸಿಗೆ ಹೊರಟಿದ್ದರು. ಅವಳು ಒಮ್ಮೆಲೇ ಎದ್ದು ನಿಂತಳು.

"ಬ್ಯಾರೆ ಯಾರನ್ನೂ ಕರೀಬ್ಯಾಡ. ನಾನ ಬರತೀನಿ," ಎಂದಳು. "ನಾನು ಬರೂಮಟ ಆ ಪ್ಲೇಟು ಯಾರೂ ಮುಟ್ಟಬಾರದು."

ಗೇಟಿನ ಬೀಗ ತೆರೆದಿತ್ತು. ಕೆಲಸದವಳಿಗೆ ಅದು ಎಂದೂ ಮುಚ್ಚಿರಲಿಲ್ಲ. ಶಿವಕಾಂತ ಟ್ಯಾಂಕರನ್ನು ಸಾಲಿನ ಕೊನೆಗೇ ತಂದು ನಿಲ್ಲಿಸಿದ್ದ. ಗಾಜು ಆರಿತ್ತು. ಪಡುವಲದ ಕೆಂಪು ಬೆಳಕಿನಲ್ಲಿ ಉರುಕುಂದಮ್ಮ ಕೊನೆಯ ಪ್ಲೇಟುಗಳ ಮುಂದೆ ನಿಂತು ನೋಡಿದಳು. ಗಾಜಿನ ತುಂಬ ಎರೆಮಣ್ಣು ತೆಳ್ಳಗೆ ಕೂತಿತ್ತು. ಅದರ ನಡುನಡುವೆ ಬಿಳಿ. ಕುಣಿಯಿಂದ, ಗುರಮ್ಮನ ಮೈಮೇಲಿಂದ ಎದ್ದ ವಿಭೂತಿ.

ಪೈಪು ಹಿಡಿಯುವವಳು ಇರಲಿಲ್ಲ. ಶಿವಕಾಂತ ಷರ್ಟಿನ ತೋಳು ಮಡಿಚಿ ತಾನೇ ಪೈಪು ಎತ್ತಿಕೊಂಡ. ಉರುಕುಂದಮ್ಮ ಅಭ್ಯಾಸದಂತೆ ಬುರುಸಿನ ಕೋಲಿಗೆ ಕೈ ಹಾಕಿದಳು, ಮತ್ತೆ ಅದನ್ನು ನೆಲದ ಮೇಲೆ ಇಟ್ಟುಬಿಟ್ಟಳು.

"ಬುರುಸು ಬ್ಯಾಡ. ಮ್ಯಾಲಿನ ಅಂಚಿಗೆ ನೀರು ಹಿಡಿ. ಜೋರಾಗಿ ಬ್ಯಾಡ, ಸಿಡದು ಅತ್ಲಾಗ ಹೋಗತೈತಿ. ಸಣ್ಣಗ ಬಿಡು."

ಅವನು ಸಣ್ಣಗೆ ಬಿಟ್ಟ. ನೀರು ಗಾಜಿನ ನೆತ್ತಿಯಿಂದ ಇಳಿಯಿತು. ಮಣ್ಣು ನೆನೆಯಿತು, ಕಪ್ಪಾಯಿತು, ಆಮೇಲೆ ಮೆಲ್ಲಗೆ ಜಾಗ ಬಿಟ್ಟಿತು. ಕಪ್ಪು ನೀರಿನೊಳಗೆ ಬಿಳಿಯ ಎಳೆಗಳು ಕಲಸಿಕೊಂಡು ಕೆಳಗಿನ ಅಂಚಿಗೆ ಬಂದು ನಿಂತವು. ತುಂಬಿದವು. ಮೊದಲ ಹನಿ ಅಯ್ಯಣ್ಣನ ಸಮಾಧಿಯ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಹನಿಗಳ ನಡುವೆ ತೆರಪು ಉಳಿಯಲಿಲ್ಲ.

ಶಿವಕಾಂತ ಅದನ್ನು ನೋಡಿದ. ಸಾಲಿನಲ್ಲಿ ತೊಳೆಯಬೇಕಾದ ಪ್ಲೇಟು ಇನ್ನೂ ಬಹಳ ಇದ್ದವು. ಅವನು ಪೈಪನ್ನು ಅಲ್ಲಿಂದ ಸರಿಸಲಿಲ್ಲ. ಅಂಚಿನ ಮೂಲೆಯಿಂದ ಒಂದು ಧಾರೆ ಹೊರಗೆ ಬೀಳಲು ಹೋದಾಗ ಉರುಕುಂದಮ್ಮ ಬೊಗಸೆಯೊಡ್ಡಿ ಹಿಡಿದಳು. ಹಿಡಿದದ್ದನ್ನು ಬಾಗಿ ತುಂಬೆಯ ಬುಡಕ್ಕೆ ಬಿಟ್ಟಳು. ಆಗ ಅವಳಿಗೆ ಅಳು ಬಂತು. ತಡೆಯಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಎರಡೂ ಕೈ ಮಣ್ಣಾಗಿದ್ದವು.

ಬೇಲಿಯ ಆಚೆ ಹೊಸ ಗುಡ್ಡೆಯ ಮೇಲಿನ ಚೆಂಡುಹೂ ಗಾಳಿಗೆ ಅಲುಗುತ್ತಿದ್ದವು. ಈಚೆ, ಕಪ್ಪು ನೀರು ಸಮಾಧಿಯ ಬಿರುಕುಗಳಲ್ಲಿ ಇಳಿದು ಇಳಿದು, ಇನ್ನು ಹಿಡಿಯಲಾರದೆ ತುಂಬೆಯ ಸುತ್ತ ನಿಂತಿತು. ಅದರ ಮೇಲೆ ವಿಭೂತಿ ತೆಳ್ಳಗೆ ತೇಲುತ್ತಿತ್ತು.